‘ವಿಶ್ವದ ಟಾಪ್ ಶೇ 2 ವಿಜ್ಞಾನಿ’ ಎಂಬ ಫಾರ್ವರ್ಡ್ ಬಂದಿದೆಯೇ? ಸೈಟೇಶನ್, ಎಚ್-ಇಂಡೆಕ್ಸ್ ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ಯಾವ ಊರಿನ ವಾಟ್ಸ್‌ಆಪ್ ಗ್ರೂಪ್ ಆದರೂ ಸರಿ, ವರ್ಷಕ್ಕೊಮ್ಮೆಯಾದರೂ ಒಂದು ಮಾದರಿಯ ಸಂದೇಶ ಬರುತ್ತದೆ. ಹೂಮಾಲೆಯ ಚಿತ್ರ, ಕೋಟು ಹಾಕಿದ ಪ್ರಾಧ್ಯಾಪಕರ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ: ನಮ್ಮ ಭಾಗದ ಹೆಮ್ಮೆ, ವಿಶ್ವದ ಟಾಪ್ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ, ಇಷ್ಟು ಸಾವಿರ ಸೈಟೇಶನ್, ಇಷ್ಟು ಎಚ್-ಇಂಡೆಕ್ಸ್. ಓದಿದವರು ಚಪ್ಪಾಳೆಯ ಇಮೋಜಿ ಹಾಕಿ ಮುಂದಿನ ಗ್ರೂಪಿಗೆ ಕಳಿಸುತ್ತಾರೆ. ಅಂಕಿಗಳ ಅರ್ಥವನ್ನು ಯಾರೂ ಕೇಳುವುದಿಲ್ಲ.

ಅಭಿನಂದನೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಸಂಶೋಧನೆ ಮಾಡುವವರಿಗೆ ನಮ್ಮಲ್ಲಿ ಸಿಗುವ ಗೌರವವೇ ಕಡಿಮೆ. ಆದರೆ ಇದೇ ಅಂಕಿಗಳನ್ನು ಇಟ್ಟುಕೊಂಡು ಬೇರೆ ತೀರ್ಮಾನಗಳೂ ಆಗುತ್ತವೆ. ಮಗಳು ಯಾರ ಹತ್ತಿರ ಪಿಎಚ್‌ಡಿಗೆ ಸೇರಬೇಕು, ಯಾವ ಔಷಧಿಯ ಮಾತು ನಂಬಬೇಕು, ಯಾವ ಬೀಜದ ಪ್ಯಾಕೆಟ್ ಕೊಳ್ಳಬೇಕು ಎಂಬಲ್ಲೆಲ್ಲ ‘ಅಂತರರಾಷ್ಟ್ರೀಯ ಮಟ್ಟದ ವಿಜ್ಞಾನಿ’ ಎಂಬ ಮಾತು ಬಂದು ಕೂರುತ್ತದೆ. ಆಗ ಅಂಕಿಯ ಅರ್ಥ ಗೊತ್ತಿಲ್ಲದಿದ್ದರೆ ನಷ್ಟ ನಮಗೇ.

ಹಾಗಾಗಿ ಈ ಲೇಖನದಲ್ಲಿ ಸೈಟೇಶನ್, ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್, ಟಾಪ್ ಶೇ 2 ಪಟ್ಟಿ – ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ. ಉದಾಹರಣೆಗೆ ದೂರ ಹೋಗುವುದು ಬೇಡ. ನಮ್ಮ ಹೊಲದಲ್ಲೇ ಇರುವ ತೊಗರಿ ಸಾಕು.

ಮೊದಲಿಗೆ, ಸೈಟೇಶನ್ ಅಂದರೇನು?

ಸಂಶೋಧಕರು ತಾವು ಕಂಡುಕೊಂಡಿದ್ದನ್ನು ಪ್ರಬಂಧವಾಗಿ ಬರೆದು ಜರ್ನಲ್‌ನಲ್ಲಿ, ಅಂದರೆ ಸಂಶೋಧನಾ ಪತ್ರಿಕೆಯಲ್ಲಿ, ಪ್ರಕಟಿಸುತ್ತಾರೆ. ಹಾಗೆ ಬರೆಯುವಾಗ ತಮಗಿಂತ ಮೊದಲು ಯಾರು ಏನು ಮಾಡಿದ್ದರು ಎಂಬುದನ್ನು ಹೆಸರಿಸಬೇಕು. ಹೀಗೆ ಒಂದು ಪ್ರಬಂಧವು ಹಳೆಯ ಪ್ರಬಂಧವೊಂದನ್ನು ಹೆಸರಿಸಿದರೆ, ಆ ಹಳೆಯ ಪ್ರಬಂಧಕ್ಕೆ ಒಂದು ಸೈಟೇಶನ್, ಅಂದರೆ ಒಂದು ಉಲ್ಲೇಖ, ಸಿಕ್ಕಿತು ಎಂದು ಲೆಕ್ಕ.

ಅಷ್ಟೇ. ಅದು ಬಹುಮಾನ ಅಲ್ಲ, ಅಂಕವೂ ಅಲ್ಲ. ‘ನಿಮ್ಮ ಕೆಲಸವನ್ನು ನಾನು ನನ್ನ ಬರಹದಲ್ಲಿ ಹೆಸರಿಸಿದ್ದೇನೆ’ ಎಂಬ ದಾಖಲೆ. ಹೊಗಳಲು ಹೆಸರಿಸಿದರೂ ಒಂದು, ತಪ್ಪು ಎಂದು ತೋರಿಸಲು ಹೆಸರಿಸಿದರೂ ಒಂದು.

ಈ ಲೆಕ್ಕ ಇಡುವ ವಿಚಾರವನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. 1964ರಲ್ಲಿ ಅವರ ಸಂಸ್ಥೆ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ದೊಡ್ಡ ಸೂಚಿಯನ್ನು ಹೊರತಂದಿತು. ಉದ್ದೇಶ ಸರಳವಾಗಿತ್ತು. ಒಂದು ವಿಷಯದ ಮೇಲೆ ಯಾರು ಯಾರು ಕೆಲಸ ಮಾಡಿದ್ದಾರೆ ಎಂಬ ಜಾಡು ಹಿಡಿಯಲು ಗ್ರಂಥಾಲಯದವರಿಗೆ, ಸಂಶೋಧಕರಿಗೆ ಸಹಾಯವಾಗಬೇಕಿತ್ತು. ಅದೇ ಲೆಕ್ಕ ಮುಂದೆ ನೌಕರಿ, ಬಡ್ತಿ, ಅನುದಾನ, ಈಗ ವಾಟ್ಸ್‌ಆಪ್ ಅಭಿನಂದನೆಗಳಿಗೂ ಅಳತೆಗೋಲಾಯಿತು.

ತೊಗರಿಯ ಜೀನೋಮ್: ಎರಡು ಪ್ರಬಂಧಗಳ ಕಥೆ

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರೆ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ಇದೇ ತೊಗರಿಯ ಮೇಲೆ ಮಾಲೆಕ್ಯುಲರ್ ಬಯಾಲಜಿಯಲ್ಲಿ ದೊಡ್ಡ ಕೆಲಸ ಆಗಿದೆ. ಮಾಲೆಕ್ಯುಲರ್ ಬಯಾಲಜಿ ಎಂದರೆ ಜೀವಿಗಳನ್ನು ಡಿಎನ್‌ಎ, ಪ್ರೋಟೀನ್‌ನಂಥ ಅಣುಗಳ ಮಟ್ಟದಲ್ಲಿ ಓದುವ ವಿಜ್ಞಾನ.

ಒಂದು ಗಿಡದ ಎಲ್ಲ ಡಿಎನ್‌ಎಯನ್ನು ಒಟ್ಟಾಗಿ ಜೀನೋಮ್ ಎನ್ನುತ್ತೇವೆ. ಅದನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಭಾರಿ ಪುಸ್ತಕ ಎಂದುಕೊಳ್ಳಿ. ತೊಗರಿಯ ಪುಸ್ತಕದಲ್ಲಿ ಸುಮಾರು 83 ಕೋಟಿ ಅಕ್ಷರಗಳಿವೆ. 2011ರ ಕೊನೆಯ ಹೊತ್ತಿಗೆ ಈ ಪುಸ್ತಕದ ಮೊದಲ ಕರಡು ಓದನ್ನು ಎರಡು ತಂಡಗಳು ಹೊರತಂದವು. 2012ರ ಸಂಚಿಕೆಗಳಲ್ಲಿ ಎರಡೂ ಅಚ್ಚಾದವು.

ಒಂದು ತಂಡದ ಮುಖ್ಯಸ್ಥರು ರಾಜೀವ್ ವಾರ್ಷ್ಣೇಯ. ಆಗ ಅವರು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ ಸಂಸ್ಥೆಯಲ್ಲಿದ್ದರು. ಚೀನಾ, ಅಮೆರಿಕ ಮುಂತಾದ ದೇಶಗಳ ವಿಜ್ಞಾನಿಗಳೂ ಜೊತೆಗಿದ್ದರು. ಪ್ರಬಂಧ ಬಂದಿದ್ದು ‘ನೇಚರ್ ಬಯೋಟೆಕ್ನಾಲಜಿ’ ಎಂಬ ಹೆಸರಾಂತ ಜರ್ನಲ್‌ನಲ್ಲಿ. ಅವರು ಸುಮಾರು 60 ಕೋಟಿ ಅಕ್ಷರಗಳನ್ನು, ಅಂದರೆ ಪುಸ್ತಕದ ಶೇ 72.7ರಷ್ಟನ್ನು, ಜೋಡಿಸಿದ್ದರು. 48,680 ಜೀನ್‌ಗಳಿರಬಹುದು ಎಂದು ಲೆಕ್ಕ ಹಾಕಿದ್ದರು.

ಇನ್ನೊಂದು ತಂಡ ದೆಹಲಿಯಲ್ಲಿದ್ದ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರದ್ದು. ಮುಖ್ಯಸ್ಥರು ನಾಗೇಂದ್ರ ಕುಮಾರ್ ಸಿಂಗ್. ಪ್ರಬಂಧ ಬಂದಿದ್ದು ಭಾರತದ ಜರ್ನಲ್‌ ಒಂದರಲ್ಲಿ. ಸುಮಾರು 51 ಕೋಟಿ ಅಕ್ಷರ, 47,004 ಜೀನ್‌ಗಳು ಎಂಬುದು ಅವರ ಲೆಕ್ಕ.

ಎರಡೂ ತಂಡಗಳು ಓದಿದ್ದು ಒಂದೇ ತಳಿಯನ್ನು. ಅದು ‘ಆಶಾ’, ನಮ್ಮ ರೈತರು ಕೇಳಿರುವ ಹೆಸರೇ.

ಬೆಳೆ ಒಂದೇ, ತಳಿ ಒಂದೇ, ಕಾಲವೂ ಒಂದೇ. ಆದರೆ ಇಂದು ನೋಡಿದರೆ ನೇಚರ್ ಬಯೋಟೆಕ್ನಾಲಜಿಯ ಪ್ರಬಂಧಕ್ಕೆ ಸಿಕ್ಕ ಸೈಟೇಶನ್, ಇನ್ನೊಂದಕ್ಕಿಂತ ಹಲವು ಪಟ್ಟು ಹೆಚ್ಚು. ಇದಕ್ಕೆ ಕಾರಣ ಒಂದಲ್ಲ. ಅದರಲ್ಲಿ ಜೋಡಿಸಿದ ಭಾಗ ಹೆಚ್ಚಿತ್ತು. ಜರ್ನಲ್‌ ಅನ್ನು ಜಗತ್ತಿನ ಎಲ್ಲೆಡೆ ಓದುತ್ತಾರೆ. ತಂಡ ಹಲವು ದೇಶಗಳಲ್ಲಿ ಹರಡಿತ್ತು, ಆ ತಂಡದವರ ಮುಂದಿನ ಕೆಲಸಗಳೂ ಇದನ್ನೇ ಹೆಸರಿಸುತ್ತ ಹೋದವು. ಅಂದರೆ ಸೈಟೇಶನ್ ಎಣಿಕೆಯಲ್ಲಿ ಕೆಲಸದ ಗುಣದ ಜೊತೆಗೆ ಜಾಗ, ಜಾಲ, ಭಾಷೆ, ಹೆಸರು ಎಲ್ಲವೂ ಸೇರಿರುತ್ತವೆ.

ವಾರ್ಷ್ಣೇಯ ಅವರ ದಾಖಲೆ ನಿಜಕ್ಕೂ ದೊಡ್ಡದು. ತೊಗರಿ, ಕಡಲೆ, ಶೇಂಗಾ ಜೀನೋಮ್‌ಗಳ ಕೆಲಸದಲ್ಲಿ ಅವರ ಹೆಸರಿದೆ. 2015ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2022ರಲ್ಲಿ ಆಸ್ಟ್ರೇಲಿಯಾದ ಮರ್ಡಾಕ್ ವಿಶ್ವವಿದ್ಯಾಲಯಕ್ಕೆ ಹೋದರು. 2023ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಗೂಗಲ್ ಸ್ಕಾಲರ್‌ನಲ್ಲಿ ಅವರ ಎಚ್-ಇಂಡೆಕ್ಸ್ ನೂರನ್ನು ದಾಟಿದೆ. ಹಾಗಾದರೆ ಈ ಎಚ್-ಇಂಡೆಕ್ಸ್ ಅಂದರೇನು?

ಎಚ್-ಇಂಡೆಕ್ಸ್: ಕಾಗದ, ಪೆನ್ನು ಇದ್ದರೆ ಸಾಕು

ಇದನ್ನು 2005ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಲೆಕ್ಕ ಸುಲಭ.

ಒಬ್ಬ ಸಂಶೋಧಕರು 7 ಪ್ರಬಂಧ ಬರೆದಿದ್ದಾರೆ ಎನ್ನೋಣ. ಅವುಗಳಿಗೆ ಸಿಕ್ಕ ಸೈಟೇಶನ್ ದೊಡ್ಡದರಿಂದ ಚಿಕ್ಕದಕ್ಕೆ ಹೀಗಿದೆ: 60, 12, 9, 5, 5, 2, 0. ಈಗ ಕೇಳಿ: ಕನಿಷ್ಠ 5 ಸೈಟೇಶನ್ ಇರುವ ಪ್ರಬಂಧ ಎಷ್ಟು? ಐದು. ಕನಿಷ್ಠ 6 ಇರುವ ಪ್ರಬಂಧ ಆರು ಇವೆಯೇ? ಇಲ್ಲ, ಮೂರೇ ಇವೆ. ಹಾಗಾಗಿ ಇವರ ಎಚ್-ಇಂಡೆಕ್ಸ್ 5.

ಇಲ್ಲಿ ಮೂರು ವಿಷಯ ಗಮನಿಸಿ.

ಒಂದು, ಮೊದಲ ಪ್ರಬಂಧಕ್ಕೆ 60ರ ಬದಲು 6,000 ಸೈಟೇಶನ್ ಬಂದಿದ್ದರೂ ಎಚ್-ಇಂಡೆಕ್ಸ್ 5 ಆಗಿಯೇ ಇರುತ್ತದೆ. ಜೀವಮಾನದಲ್ಲಿ ಒಂದೇ ಒಂದು ಮಹತ್ವದ ಕೆಲಸ ಮಾಡಿದವರನ್ನು ಈ ಅಳತೆ ಗುರುತಿಸುವುದಿಲ್ಲ.

ಎರಡು, ಇದು ಎಂದೂ ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದರೂ, ನಿವೃತ್ತರಾದರೂ ಏರಬಹುದು. ಆದ್ದರಿಂದ 30 ವರ್ಷ ಸರ್ವಿಸ್ ಆದವರನ್ನೂ ನಿನ್ನೆ ಸೇರಿದವರನ್ನೂ ಇದರಿಂದ ಹೋಲಿಸಲಾಗದು.

ಮೂರು, ವಿಷಯದಿಂದ ವಿಷಯಕ್ಕೆ ಇದು ಬೇರೆ. ಮಾಲೆಕ್ಯುಲರ್ ಬಯಾಲಜಿಯಲ್ಲಿ ಸಂಶೋಧಕರು ಹೆಚ್ಚು, ಪ್ರಬಂಧಗಳು ಹೆಚ್ಚು, ಒಂದೊಂದು ಪ್ರಬಂಧವೂ ಹತ್ತಾರು ಹಳೆಯ ಪ್ರಬಂಧಗಳನ್ನು ಹೆಸರಿಸುತ್ತದೆ. ಗಣಿತದಲ್ಲಿ, ಕನ್ನಡ ಸಾಹಿತ್ಯದ ಸಂಶೋಧನೆಯಲ್ಲಿ ಹಾಗಿಲ್ಲ. ಕಬ್ಬಿನ ಇಳುವರಿಯನ್ನು ಎಕರೆಗೆ ಟನ್‌ ಲೆಕ್ಕದಲ್ಲಿ ಹೇಳುತ್ತೇವೆ, ತೊಗರಿಯದನ್ನು ಕ್ವಿಂಟಲ್‌ ಲೆಕ್ಕದಲ್ಲಿ. ತೂಕ ನೋಡಿ ‘ಕಬ್ಬು ಬೆಳೆದವನೇ ಜಾಣ ರೈತ’ ಎಂದರೆ ಸೇಡಂ ರೈತರು ಒಪ್ಪುತ್ತಾರೆಯೇ?

ಇನ್ನೊಂದು ಮಾತು. ಮಾಲೆಕ್ಯುಲರ್ ಬಯಾಲಜಿಯ ಪ್ರಬಂಧದಲ್ಲಿ ಹತ್ತು, ಇಪ್ಪತ್ತು, ಕೆಲವೊಮ್ಮೆ ನೂರು ಜನರ ಹೆಸರಿರುತ್ತದೆ. ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗದ ಹೆಚ್ಚಿನ ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದು. ಆದರೆ ಸೈಟೇಶನ್ ಮಾತ್ರ ನಡುವೆ ಇರುವವರಿಗೂ ಪೂರ್ತಿಯಾಗಿ ಸೇರುತ್ತದೆ. ನೂರು ಜನರ ನಡುವೆ 47ನೆಯವರಾಗಿದ್ದರೂ ಅವರ ಖಾತೆಗೆ ಅಷ್ಟೇ ಜಮಾ.

ಇಂಪ್ಯಾಕ್ಟ್ ಫ್ಯಾಕ್ಟರ್ ವಿಜ್ಞಾನಿಯ ಅಂಕವಲ್ಲ

‘ಇಂಪ್ಯಾಕ್ಟ್ ಫ್ಯಾಕ್ಟರ್ 8 ಇರುವ ಜರ್ನಲ್‌ನಲ್ಲಿ ಪ್ರಕಟ’ ಎಂದು ಓದಿರುತ್ತೀರಿ. ಇದು ಜರ್ನಲ್‌ನ ಸರಾಸರಿ. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್‌ನಲ್ಲಿ ಬಂದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಸಿಕ್ಕವು ಎಂಬ ಲೆಕ್ಕ.

ಸರಾಸರಿಯ ಸಮಸ್ಯೆ ನಮಗೆಲ್ಲ ಗೊತ್ತು. ಒಂದು ತರಗತಿಯಲ್ಲಿ ಇಬ್ಬರು 95 ತೆಗೆದು, ಉಳಿದವರು 30 ತೆಗೆದರೂ ಸರಾಸರಿ ಮೇಲೇರುತ್ತದೆ. ಜರ್ನಲ್‌ಗಳಲ್ಲೂ ಹೀಗೆಯೇ. ಬೆರಳೆಣಿಕೆಯ ಪ್ರಬಂಧಗಳು ಸರಾಸರಿಯನ್ನು ಎತ್ತಿ ಹಿಡಿಯುತ್ತವೆ, ಹೆಚ್ಚಿನವು ಅದಕ್ಕಿಂತ ಕೆಳಗಿರುತ್ತವೆ. ಹಾಗಾಗಿ ಜರ್ನಲ್‌ನ ಅಂಕಿಯನ್ನು ಅದರಲ್ಲಿ ಬರೆದ ವ್ಯಕ್ತಿಗೆ ಅಂಟಿಸುವುದು ತಪ್ಪು.

ಇದನ್ನು ವಿಜ್ಞಾನಿಗಳೇ ಹೇಳಿದ್ದಾರೆ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ಜೀವಕೋಶ ವಿಜ್ಞಾನಿಗಳ ಸಮ್ಮೇಳನ ನಡೆದಾಗ ‘ಡೋರಾ’ ಎಂಬ ಘೋಷಣೆ ರೂಪುಗೊಂಡಿತು. ನೌಕರಿ, ಬಡ್ತಿ, ಅನುದಾನ ಕೊಡುವಾಗ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬೇಡಿ, ಕೆಲಸವನ್ನೇ ಓದಿ ನೋಡಿ ಎಂಬುದು ಅದರ ಸಾರ. ಜಗತ್ತಿನ ಸಾವಿರಾರು ಸಂಸ್ಥೆಗಳು, ವ್ಯಕ್ತಿಗಳು ಅದಕ್ಕೆ ಸಹಿ ಹಾಕಿದ್ದಾರೆ.

ಟಾಪ್ ಶೇ 2 ಪಟ್ಟಿ: ಸ್ಟ್ಯಾನ್‌ಫರ್ಡ್ ಕೊಡುವ ಪ್ರಶಸ್ತಿಯೇ?

ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಹೋದ್ಯೋಗಿಗಳು 2019ರಿಂದ ಹೊರತರುತ್ತಿರುವ ಒಂದು ದತ್ತಾಂಶ ಪಟ್ಟಿ ಇದು. ಲೆಕ್ಕಕ್ಕೆ ಬೇಕಾದ ಮಾಹಿತಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಸ್ಕೋಪಸ್ ದತ್ತಕೋಶದಿಂದ ಬರುತ್ತದೆ. ಯಾರೂ ಅರ್ಜಿ ಹಾಕುವುದಿಲ್ಲ, ಯಾವ ಸಮಿತಿಯೂ ಕೆಲಸವನ್ನು ಓದಿ ಆಯ್ಕೆ ಮಾಡುವುದಿಲ್ಲ. ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ವಿಶ್ವವಿದ್ಯಾಲಯ ಕೊಡುವ ಗೌರವ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಹಾಗೆಂದು ಪಟ್ಟಿಗೆ ಬೆಲೆ ಇಲ್ಲವೆಂದಲ್ಲ. ಅದನ್ನು ಮಾಡಿರುವುದು ಮೇಲೆ ಹೇಳಿದ ತೊಂದರೆಗಳಲ್ಲಿ ಕೆಲವನ್ನು ಸರಿಪಡಿಸಲಿಕ್ಕೇ. ಒಟ್ಟು ಸೈಟೇಶನ್ ಜೊತೆಗೆ ಒಬ್ಬರೇ ಬರೆದದ್ದೇ, ಮೊದಲ ಹೆಸರೇ, ಕೊನೆಯ ಹೆಸರೇ ಎಂಬುದನ್ನೂ ಸೇರಿಸಿ ಆರು ಅಳತೆಗಳನ್ನು ಒಟ್ಟುಗೂಡಿಸುತ್ತಾರೆ. ತಮ್ಮ ಪ್ರಬಂಧವನ್ನು ತಾವೇ ಹೆಸರಿಸಿಕೊಂಡಿದ್ದನ್ನು ಬಿಟ್ಟು ಲೆಕ್ಕ ಹಾಕಿದ ಅಂಕಿಯೂ ಅಲ್ಲಿರುತ್ತದೆ. ಆಯಾ ಉಪವಿಷಯದ ಒಳಗೇ ಹೋಲಿಸುತ್ತಾರೆ.

ಫಾರ್ವರ್ಡ್‌ನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವಿಷಯ ಏನೆಂದರೆ, ಪಟ್ಟಿಗಳು ಎರಡು. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಎರಡರ ತೂಕ ಒಂದೇ ಅಲ್ಲ. ಈಚಿನ ಪಟ್ಟಿಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಅವರಲ್ಲಿ ಸಾವಿರಾರು ಮಂದಿ ಭಾರತೀಯರು. ವೃತ್ತಿಜೀವನದ ಪಟ್ಟಿಯಲ್ಲಿ ತೀರಿಹೋದವರ ಹೆಸರೂ ಇದೆ.

ಹೆಚ್ಚು ಸೈಟೇಶನ್ ಅಂದರೆ ಹೆಚ್ಚು ದೊಡ್ಡ ಆವಿಷ್ಕಾರವೇ?

2014ರಲ್ಲಿ ‘ನೇಚರ್’ ಪತ್ರಿಕೆ ಅದುವರೆಗಿನ ಅತಿ ಹೆಚ್ಚು ಸೈಟೇಶನ್ ಪಡೆದ 100 ಪ್ರಬಂಧಗಳ ಪಟ್ಟಿ ಮಾಡಿಸಿತು. ಮೊದಲ ಸ್ಥಾನದಲ್ಲಿದ್ದದ್ದು 1951ರ ಒಂದು ಪ್ರಬಂಧ. ಬರೆದವರು ಆಲಿವರ್ ಲೌರಿ ಮತ್ತು ಸಂಗಡಿಗರು. ವಿಷಯ: ಒಂದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಸೈಟೇಶನ್ ಮೂರು ಲಕ್ಷಕ್ಕೂ ಮೇಲೆ. ಪ್ರಯೋಗಾಲಯದಲ್ಲಿ ದಿನವೂ ಬೇಕಾಗುವ ಕೆಲಸ, ಹಾಗಾಗಿ ಎಲ್ಲರೂ ಹೆಸರಿಸಿದರು.

ಡಿಎನ್‌ಎಯ ಜೋಡಿ ಸುರುಳಿ ರಚನೆಯನ್ನು ಜಗತ್ತಿಗೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ? ಆ ನೂರರೊಳಗೆ ಅದು ಇರಲೇ ಇಲ್ಲ. ಇಡೀ ಮಾಲೆಕ್ಯುಲರ್ ಬಯಾಲಜಿ ನಿಂತಿರುವುದೇ ಅದರ ಮೇಲೆ, ನೊಬೆಲ್ ಕೂಡ ಬಂದಿದೆ. ಆದರೂ ಇಲ್ಲ. ಶಾಲಾ ಪುಸ್ತಕ ಸೇರಿದ ಸತ್ಯವನ್ನು ಯಾರೂ ಮತ್ತೆ ಮತ್ತೆ ಹೆಸರಿಸುವುದಿಲ್ಲ.

ನಮ್ಮವರದೇ ಉದಾಹರಣೆ ಬೇಕೆಂದರೆ ಜಿ.ಎನ್. ರಾಮಚಂದ್ರನ್. ಪ್ರೋಟೀನ್‌ನ ಮಡಿಕೆಗಳು ಯಾವ ಕೋನದಲ್ಲಿ ಇರಲು ಸಾಧ್ಯ ಎಂದು ತೋರಿಸುವ ‘ರಾಮಚಂದ್ರನ್ ಪ್ಲಾಟ್’ ಅನ್ನು ಅವರು 1963ರಲ್ಲಿ ಮದ್ರಾಸಿನಲ್ಲಿದ್ದಾಗ ಇಬ್ಬರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಇಂದು ಪ್ರೋಟೀನ್ ರಚನೆಯ ಯಾವುದೇ ಪ್ರಬಂಧದಲ್ಲಿ ಅವರ ಹೆಸರು ಕಾಣುತ್ತದೆ. ಆದರೆ ಹೆಸರು ಬಳಸುವವರಲ್ಲಿ ಎಷ್ಟೋ ಜನ ಮೂಲ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ. ‘ನ್ಯೂಟನ್ನನ ನಿಯಮ’ ಎನ್ನುವಾಗ ನಾವು ಅವನ ಪುಸ್ತಕದ ಪುಟ ಹೇಳುತ್ತೇವೆಯೇ?

ಹೆಚ್ಚು ಸೈಟೇಶನ್ ಅಂದರೆ ಸತ್ಯವೇ?

ಇದಕ್ಕೆ ಎಲ್ಲರೂ ನೆನಪಿಡಬೇಕಾದ ಉದಾಹರಣೆ ಆಂಡ್ರೂ ವೇಕ್‌ಫೀಲ್ಡ್. 1998ರಲ್ಲಿ ‘ಲ್ಯಾನ್ಸೆಟ್’ ಎಂಬ ದೊಡ್ಡ ವೈದ್ಯಕೀಯ ಜರ್ನಲ್‌ನಲ್ಲಿ ಅವರ ತಂಡದ ಪ್ರಬಂಧ ಬಂತು. ಕೇವಲ 12 ಮಕ್ಕಳನ್ನು ನೋಡಿ, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಅನುಮಾನ ಬಿತ್ತಿತು. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂಪಡೆಯಿತು. ವೇಕ್‌ಫೀಲ್ಡ್ ವೈದ್ಯಕೀಯ ನೋಂದಣಿಯನ್ನೂ ಕಳೆದುಕೊಂಡರು. ಆದರೂ ಆ ಪ್ರಬಂಧದ ಸೈಟೇಶನ್ ಸಾವಿರಗಳಲ್ಲಿದೆ. ‘ಇದು ತಪ್ಪು’ ಎಂದು ಬರೆದವರೂ ಅದನ್ನು ಹೆಸರಿಸಿದ್ದಾರಲ್ಲ! ಲಸಿಕೆ ವಿರುದ್ಧದ ಫಾರ್ವರ್ಡ್‌ನಲ್ಲಿ ‘ಸಾವಿರಾರು ಬಾರಿ ಉಲ್ಲೇಖವಾದ ಸಂಶೋಧನೆ’ ಎಂದು ಬಂದರೆ ಈ ಮಾತು ನೆನಪಿರಲಿ.

ಹೆಚ್ಚು ಸೈಟೇಶನ್ ಅಂದರೆ ನಮ್ಮ ಹೊಲಕ್ಕೆ ಹೆಚ್ಚು ಲಾಭವೇ?

ಮತ್ತೆ ತೊಗರಿಗೆ ಬರೋಣ. ತೊಗರಿಯ ದೊಡ್ಡ ಶತ್ರು ಸೊರಗು ರೋಗ. ನಮ್ಮ ಕಡೆ ನೆಟೆ ರೋಗ ಎನ್ನುತ್ತಾರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂ, ಕಾಯಿ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ.

1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ತಳಿ ಬಿಡುಗಡೆಯಾಯಿತು. ಮಹಾರಾಷ್ಟ್ರದ ನಾಟಿ ತೊಗರಿಯಿಂದ ಇಕ್ರಿಸ್ಯಾಟ್‌ನವರು ಆಯ್ದು ತೆಗೆದ, ಸೊರಗು ರೋಗ ತಡೆಯುವ ತಳಿ. ಇದಕ್ಕೆ ಯಾವ ಜೀನೋಮ್ ಓದೂ ಇರಲಿಲ್ಲ. ರೋಗ ತುಂಬಿದ ಮಣ್ಣಿನಲ್ಲಿ ಬಿತ್ತಿ, ಬದುಕಿದ ಗಿಡದ ಬೀಜ ತೆಗೆದು ಮತ್ತೆ ಬಿತ್ತುವ ತಾಳ್ಮೆಯ ಕೆಲಸ. 1990ರ ದಶಕದ ಆರಂಭದ ಹೊತ್ತಿಗೆ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮಾರುತಿಯದೇ ಆಗಿತ್ತು. ನಮ್ಮ ಅಪ್ಪ, ಅಜ್ಜಂದಿರ ಕಾಲದಲ್ಲಿ ಮನೆಗೆ ಕಾಳು ತಂದ ತಳಿ ಅದು. ಅದನ್ನು ಬಿತ್ತಿದ ರೈತರು ಯಾವ ಪ್ರಬಂಧವನ್ನೂ ಉಲ್ಲೇಖಿಸಲಿಲ್ಲ. ಹಾಗಾಗಿ ಆ ಬೆಲೆ ಯಾವ ಎಚ್-ಇಂಡೆಕ್ಸ್‌ನಲ್ಲೂ ಕಾಣುವುದಿಲ್ಲ.

ಇನ್ನೊಂದು ಕಡೆ, ಜೀನೋಮ್ ಪ್ರಬಂಧಗಳು ಬಂದು ಹತ್ತು ವರ್ಷವಾದ ಮೇಲೆ, 2022ರ ಹಂಗಾಮಿನಲ್ಲಿ, ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗದಿಂದ ಭಾರಿ ಪ್ರಮಾಣದಲ್ಲಿ ತೊಗರಿ ಒಣಗಿತು. ಹಾಗಾದರೆ ಜೀನೋಮ್ ಓದಿದ್ದು ವ್ಯರ್ಥವೇ? ಖಂಡಿತ ಅಲ್ಲ. ಜೀನೋಮ್ ಎಂದರೆ ನಕ್ಷೆ. ರೋಗ ತಡೆಯುವ ಗುಣ ಡಿಎನ್‌ಎಯ ಯಾವ ಭಾಗದಲ್ಲಿದೆ ಎಂದು ಗೊತ್ತಾದರೆ, ಸಸಿಯ ಎಲೆಯಿಂದಲೇ ಪರೀಕ್ಷಿಸಿ ಒಳ್ಳೆಯ ಗಿಡ ಆರಿಸಬಹುದು. ಆದರೆ ನಕ್ಷೆ ಕೈಗೆ ಬಂದ ಮಾತ್ರಕ್ಕೆ ಊರು ತಲುಪಿದಂತಲ್ಲ. ತಳಿ ಸಂಕರ, ಹಲವು ಹಂಗಾಮುಗಳ ಹೊಲದ ಪರೀಕ್ಷೆ, ಬಿಡುಗಡೆ, ಬೀಜ ಉತ್ಪಾದನೆ, ರೈತರಿಗೆ ತಲುಪಿಸುವುದು – ಇಷ್ಟೂ ಆಗಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ತೊಗರಿಯ ಗೊಡ್ಡು ರೋಗವೂ ಇದನ್ನೇ ಹೇಳುತ್ತದೆ. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಈ ರೋಗವನ್ನು ಬಿಹಾರದ ಪೂಸಾದಲ್ಲಿ 1931ರಲ್ಲೇ ದಾಖಲಿಸಿದ್ದರು. ನುಸಿ ಅದನ್ನು ಹರಡುತ್ತದೆ ಎಂಬುದೂ ತಿಳಿಯಿತು. ಆದರೆ ರೋಗ ತರುವ ವೈರಸ್ ಯಾವುದು ಎಂದು ಗುರುತಾದದ್ದು 2000ದ ಆಸುಪಾಸಿನಲ್ಲಿ, ಸುಮಾರು 70 ವರ್ಷಗಳ ಮೇಲೆ. ಭಾರತ, ಆಫ್ರಿಕಾದ ಬಡ ರೈತರ ಬೆಳೆಯ ಮೇಲೆ ಕೆಲಸ ಮಾಡುವವರೇ ಕಡಿಮೆ. ಕೆಲಸ ಮಾಡುವವರು ಕಡಿಮೆಯಾದರೆ ಉಲ್ಲೇಖಿಸುವವರೂ ಕಡಿಮೆ. ಜಗತ್ತಿನಾದ್ಯಂತ ಪ್ರಯೋಗಾಲಯಗಳಿರುವ ಕ್ಯಾನ್ಸರ್ ಸಂಶೋಧನೆಯ ಜೊತೆ ಇದನ್ನು ಸೈಟೇಶನ್‌ನಲ್ಲಿ ಹೋಲಿಸಿದರೆ ತೊಗರಿ ಸೋಲಲೇಬೇಕು.

ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ನಮ್ಮವರು ಬಿತ್ತುತ್ತಿದ್ದಾರೆ. ಅವುಗಳ ಹಿಂದೆ ದುಡಿದವರ ಫೋಟೊ ಫಾರ್ವರ್ಡ್ ಆಗಿ ಬಂದದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ಅಂಕಿಯನ್ನು ಉಬ್ಬಿಸಬಹುದೇ?

ಉಬ್ಬಿಸಬಹುದು, ಬಹಳ ಸುಲಭವಾಗಿ. 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕನ್ನು ‘ವಿಜ್ಞಾನಿ’ ಮಾಡಿ ತೋರಿಸಿದರು. ಅದರ ಹೆಸರಿನಲ್ಲಿ 12 ಅರ್ಥವಿಲ್ಲದ ಪ್ರಬಂಧ, ಅವನ್ನು ಉಲ್ಲೇಖಿಸುವ ಇನ್ನಷ್ಟು ಅರ್ಥವಿಲ್ಲದ ಪ್ರಬಂಧ ತಯಾರಿಸಿ ಇಂಟರ್ನೆಟ್‌ಗೆ ಹಾಕಿದರು. ಗೂಗಲ್ ಸ್ಕಾಲರ್ ಎಲ್ಲವನ್ನೂ ಎಣಿಸಿತು. ನೂರಕ್ಕೂ ಹೆಚ್ಚು ಸೈಟೇಶನ್ ಬೆಕ್ಕಿನ ಖಾತೆಗೆ ಜಮಾ! ಅದಕ್ಕೂ ಮೊದಲು, 2010ರಲ್ಲಿ, ಫ್ರಾನ್ಸಿನ ಸಿರಿಲ್ ಲಬೆ ಇದೇ ರೀತಿ ‘ಐಕ್ ಆಂಟ್‌ಕೇರ್’ ಎಂಬ ಇಲ್ಲದ ವ್ಯಕ್ತಿಯ ಎಚ್-ಇಂಡೆಕ್ಸ್ ಅನ್ನು 94ಕ್ಕೆ ಏರಿಸಿದ್ದರು. ಇವರೆಲ್ಲ ಮಾಡಿದ್ದು ಎಚ್ಚರಿಸಲಿಕ್ಕೆ. ಮೋಸಕ್ಕೆಂದೇ ಮಾಡುವವರೂ ಇದ್ದಾರೆ.

ನಮ್ಮ ದೇಶದಲ್ಲಿ ಇದು ದೊಡ್ಡ ವ್ಯಾಪಾರ. ‘ಮೂರು ದಿನದಲ್ಲಿ ಪ್ರಕಟಣೆ ಗ್ಯಾರಂಟಿ, ಇಂತಿಷ್ಟು ಹಣ’ ಎಂಬ ಸಂದೇಶಗಳು ಪಿಎಚ್‌ಡಿ ವಿದ್ಯಾರ್ಥಿಗಳ ಫೋನಿಗೆ ಬರುತ್ತಲೇ ಇರುತ್ತವೆ. ಒಳ್ಳೆಯ ಜರ್ನಲ್‌ನಲ್ಲಿ ಬೇರೆ ತಜ್ಞರು ಓದಿ, ಪ್ರಶ್ನೆ ಕೇಳಿ, ತಿದ್ದಿಸಿ ಮುಗಿಸಲು ವಾರಗಳು, ತಿಂಗಳುಗಳು ಬೇಕು. ಮೂರು ದಿನದಲ್ಲಿ ಆಗುವುದು ಹಣ ವರ್ಗಾವಣೆ ಮಾತ್ರ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು ಎಂದರೆ ಪರಿಸ್ಥಿತಿ ಊಹಿಸಿ. 2022ರ ಪಿಎಚ್‌ಡಿ ನಿಯಮಗಳಲ್ಲಿ, ಪ್ರಬಂಧ ಪ್ರಕಟಿಸಿದರೆ ಮಾತ್ರ ಥೀಸಿಸ್ ಸಲ್ಲಿಸಬಹುದು ಎಂಬ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿದೆ. ಆದ್ದರಿಂದ ಸಾಲ ಮಾಡಿ ದುಡ್ಡು ಕೊಟ್ಟು ಪ್ರಕಟಿಸುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ಈಗಿನ ನಿಯಮ ಕೇಳಿ ತಿಳಿಯಿರಿ.

ಫೋನ್‌ನಲ್ಲೇ ಪರಿಶೀಲಿಸುವುದು ಹೇಗೆ?

1. ಗೂಗಲ್ ಸ್ಕಾಲರ್ ತೆರೆದು ಹೆಸರು ಹುಡುಕಿ. ಪುಟದಲ್ಲಿ ಸಂಸ್ಥೆಯ ಇಮೇಲ್ ದೃಢಪಟ್ಟಿದೆಯೇ ನೋಡಿ. ಆ ಪುಟವನ್ನು ವಿಜ್ಞಾನಿಯೇ ತೆರೆದಿರುತ್ತಾರೆ, ಗೂಗಲ್ ಕೊಟ್ಟ ಪ್ರಮಾಣಪತ್ರ ಅದಲ್ಲ.

2. ಹೆಸರಿನ ಗೊಂದಲ ಗಮನಿಸಿ. ‘ಎಸ್. ಪಾಟೀಲ’ ಎಂದು ಹುಡುಕಿದರೆ ಎಷ್ಟು ಜನ ಸಿಗಬಹುದು! ಇನ್ನೊಬ್ಬರ ಪ್ರಬಂಧ ಇವರ ಖಾತೆಗೆ ಸೇರಿರಬಹುದು. ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಇರುವುದು ಇದನ್ನು ತಪ್ಪಿಸಲಿಕ್ಕೇ.

3. ಹೆಚ್ಚು ಸೈಟೇಶನ್ ಇರುವ ಮೂರು ಪ್ರಬಂಧ ನೋಡಿ. ಅವರ ಹೆಸರು ಎಲ್ಲಿದೆ? ಮೊದಲಲ್ಲೇ, ಕೊನೆಯಲ್ಲೇ, ನಡುವೆಯೇ? ವಿಷಯ ಏನು? ಶೀರ್ಷಿಕೆಯನ್ನಾದರೂ ಓದಿ.

4. ಜೀವವಿಜ್ಞಾನ, ವೈದ್ಯಕೀಯದ ಪ್ರಬಂಧವಾದರೆ ಪಬ್‌ಮೆಡ್‌ನಲ್ಲಿ ಹುಡುಕಿ. ಹಿಂಪಡೆದಿದ್ದರೆ ಅಲ್ಲೇ ಸೂಚನೆ ಇರುತ್ತದೆ. ರಿಟ್ರ್ಯಾಕ್ಷನ್ ವಾಚ್ ದತ್ತಕೋಶವೂ ಉಚಿತವಾಗಿದೆ.

5. ಟಾಪ್ ಶೇ 2 ಎಂದರೆ ಯಾವ ವರ್ಷದ ಪಟ್ಟಿ, ವೃತ್ತಿಜೀವನದ್ದೇ, ಒಂದು ವರ್ಷದ್ದೇ ಎಂದು ಕೇಳಿ.

6. ಆ ಹೆಸರಿನ ಮೇಲೆ ಯಾರಾದರೂ ಔಷಧಿ, ಬೀಜ, ಗೊಬ್ಬರ ಮಾರುತ್ತಿದ್ದರೆ ಎಚ್-ಇಂಡೆಕ್ಸ್ ಮರೆತುಬಿಡಿ. ಆ ವಸ್ತುವಿನ ಮೇಲೆಯೇ ಪರೀಕ್ಷೆ ಆಗಿದೆಯೇ ಎಂಬುದೊಂದೇ ಪ್ರಶ್ನೆ. ಬೀಜದ ವಿಷಯಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಔಷಧಿಗೆ ವೈದ್ಯರನ್ನು ಕೇಳಿ.

7. ಪಿಎಚ್‌ಡಿಗೆ ಸೇರುವುದಾದರೆ ಆ ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳ ಜೊತೆ ಹತ್ತು ನಿಮಿಷ ಮಾತಾಡಿ. ಎಷ್ಟು ವರ್ಷದಲ್ಲಿ ಮುಗಿಸಿದರು, ಪ್ರಬಂಧದಲ್ಲಿ ಹೆಸರು ಸರಿಯಾಗಿ ಬಂತೇ, ಈಗ ಎಲ್ಲಿದ್ದಾರೆ? ಈ ಉತ್ತರಗಳು ಯಾವ ಸೂಚ್ಯಂಕದಲ್ಲೂ ಸಿಗುವುದಿಲ್ಲ.

ಕೊನೆಗೆ

ಸೈಟೇಶನ್ ಎಂಬುದು ಒಂದು ಕೆಲಸದ ಬಗ್ಗೆ ಬೇರೆ ಸಂಶೋಧಕರು ಎಷ್ಟು ಮಾತಾಡಿದ್ದಾರೆ ಎಂಬ ಎಣಿಕೆ. ಆ ಕೆಲಸ ಸರಿಯೇ, ದೊಡ್ಡದೇ, ನಮಗೆ ಉಪಯೋಗವೇ ಎಂಬುದನ್ನು ಅದು ಹೇಳುವುದಿಲ್ಲ. ಅವಕ್ಕೆ ಬೇರೆ ಪ್ರಶ್ನೆ ಕೇಳಬೇಕು.

ಮುಂದಿನ ಸಲ ನಿಮ್ಮ ಗ್ರೂಪಿಗೆ ಅಭಿನಂದನೆಯ ಫಾರ್ವರ್ಡ್ ಬಂದಾಗ ಧಾರಾಳವಾಗಿ ಅಭಿನಂದಿಸಿ. ಜೊತೆಗೆ ಒಂದು ಸಾಲು ಸೇರಿಸಿ: ‘ಸರ್, ನೀವು ಏನು ಕಂಡುಹಿಡಿದಿರಿ ಎಂದು ನಮಗೂ ಅರ್ಥವಾಗುವಂತೆ ಎರಡು ಮಾತು ಹೇಳುತ್ತೀರಾ?’ ನಿಜವಾಗಿ ಕೆಲಸ ಮಾಡಿದವರಿಗೆ ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ಖುಷಿಯೇ ಆಗುತ್ತದೆ. ಆ ಉತ್ತರ ಬಂದರೆ, ಅದನ್ನು ಫಾರ್ವರ್ಡ್ ಮಾಡಿ.